ಸೀನನ ಫಿಯೆಟ್‌ಗೆ ಎಷ್ಟು ಮಾರ್ಕ್ಸು?

ಭಾನುವಾರ ಬೆಳಿಗ್ಗೆ ಮೈಸೂರಿನ ಕುವೆಂಪುನಗರದ ಸೀನನ ಮನೆ ಶೆಡ್ಡಿನಲ್ಲಿ ನಾವು ನಾಲ್ವರು ಸೇರಿದ್ದೆವು. ಸೀನ ಹಳೇ ಬೆಡ್‌ಶೀಟ್ ಎಳೆದ. ಒಳಗಿದ್ದದ್ದು ಅವರಪ್ಪ ಕೊಂಡ 1968ರ ಫಿಯೆಟ್ 1100 ಡಿಲೈಟ್. ಹದಿನಾಲ್ಕು ತಿಂಗಳು ಗ್ಯಾರೇಜಿನಲ್ಲಿದ್ದು ಮನೆಗೆ ಬಂದಿದೆ. ಬಾನೆಟ್‌ನಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಿಕೊಂಡ ಗೆಳೆಯ ಪುಟ್ಟ.

"ಶೋ ಕ್ವಾಲಿಟಿ!" ಎಂದ ಸೀನ.

"ಅದೇ ತೊಂದರೆ" ಎಂದರು ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಎಲ್ಲದರಲ್ಲೂ ತಪ್ಪು ಹುಡುಕುತ್ತಾರೆ, ಹಾಗಾಗಿ ಮೇಷ್ಟ್ರು. "ಮುಂಬೈಯ ಕುರ್ಲಾ ಫ್ಯಾಕ್ಟರಿಯಿಂದ ಯಾವ ಫಿಯೆಟ್ ಹೀಗೆ ಹೊಳೆಯುತ್ತಾ ಬಂದಿತ್ತು? ಆಗ ಬಣ್ಣದ ಮೇಲೆ ಈ ಕ್ಲಿಯರ್ ಕೋಟ್ ಎಂಬ ಹೊಳಪಿನ ಪದರ ಎಲ್ಲಿತ್ತು?"

"ಜಾಸ್ತಿ ಚೆನ್ನಾಗಿದ್ದರೂ ಮಾರ್ಕ್ಸ್ ಕಟ್ಟಾ?"

"ಮತ್ತೆ? ಹಳೇ ಕಾರುಗಳ ದೊಡ್ಡ ಶೋಗಳಲ್ಲಿ ನೂರರಿಂದ ಶುರು ಮಾಡಿ ಕಳೆಯುತ್ತಾ ಹೋಗುತ್ತಾರೆ. ಫ್ಯಾಕ್ಟರಿಯಲ್ಲಿ ಹೇಗಿತ್ತೋ ಹಾಗಿರಬೇಕು. ಅದಕ್ಕಿಂತ ಚೆನ್ನಾಗಿದ್ದರೂ ತಪ್ಪೇ."

"ನಮ್ಮ ಪಿಯುಸಿ ಲೆಕ್ಚರರ್ ಕೂಡ ಕಳೆಯುತ್ತಲೇ ಹೋಗುತ್ತಿದ್ದರು" ಎಂದ ಪುಟ್ಟ. "ಆದರೆ ಶುರು ಮಾಡುತ್ತಿದ್ದದ್ದು ಮೂವತ್ತೈದರಿಂದ."

ಮೇಷ್ಟ್ರು ಜೇಬಿನಿಂದ ಒಂದು ಮ್ಯಾಗ್ನೆಟ್ ತೆಗೆದರು. ಫ್ರಿಜ್ಜಿಗೆ ಅಂಟಿಸುವಂಥದ್ದು, ಮೇಲೆ ಮೈಸೂರು ಅರಮನೆಯ ಚಿತ್ರ. ಕರವಸ್ತ್ರದಲ್ಲಿ ಸುತ್ತಿ ಬಾಗಿಲ ಮೇಲಿಟ್ಟರು. ಅಂಟಿತು. ಬಾಗಿಲ ಕೆಳ ಅಂಚಿಗೆ ತಂದರು. ಅರಮನೆ ದಬಕ್ಕನೆ ನೆಲಕ್ಕೆ ಬಿತ್ತು.

"ಇಲ್ಲಿ ತೂತು ಮುಚ್ಚುವ ಪುಟ್ಟಿ ಪೇಸ್ಟ್ ಎಷ್ಟು ಮೆತ್ತಿದ್ದಾರೋ, ತಗಡು ಕೈಗೇ ಸಿಗುತ್ತಿಲ್ಲ."

ಸೀನನ ಮುಖ ಬಿಳುಚಿತು. "ಹೊಸ ತಗಡು ಬೆಸೆದಿದ್ದೇವೆ ಎಂದಿದ್ದರಲ್ಲ!"

ಈ ಒಂದು ವಿಷಯದಲ್ಲಿ ಮೇಷ್ಟ್ರ ಮಾತು ನೂರಕ್ಕೆ ನೂರು ಸರಿ. ಬಾಗಿಲ ಅಡಿಯಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಕಸ ಕಟ್ಟಿಕೊಂಡರೆ ಮಳೆನೀರು ಅಲ್ಲೇ ನಿಂತು ತುಕ್ಕು ಹಿಡಿಯುತ್ತದೆ. ಆ ಭಾಗವನ್ನು ಕತ್ತರಿಸಿ ಹೊಸ ತಗಡು ಹಾಕಬೇಕು. ಸುಮ್ನೆ ಪುಟ್ಟಿ ಬಳಿದರೆ ಹೊರಗೆ ಮದುವೆ ಮನೆ, ಒಳಗೆ ತುಕ್ಕಿನ ಊಟ.

ಸಮಾಧಾನ ಮಾಡಲು ಪುಟ್ಟ ಹೋದ. "ಬಿಡು, ಹಿಂದೆ 'ಪದ್ಮಿನಿ' ಅಂತ ಒಂದು ಬ್ಯಾಡ್ಜ್ ಹಾಕಿಸು. ಶಿವಾಜಿನಗರದ ಗುಜರಿಯಿಂದ ನಾನೇ ತರುತ್ತೇನೆ."

"ಈ ಕಾರಿಗೆ ಪದ್ಮಿನಿ ಎನ್ನುವ ಹೆಸರು ಬಂದದ್ದೇ 1970ರ ದಶಕದಲ್ಲಿ!" ಮೇಷ್ಟ್ರು ಕೂಗಿದರು. "ಇವಳು ಅವಳ ಅಕ್ಕ. ಅಕ್ಕನಿಗೆ ತಂಗಿ ಹೆಸರಾ?"

ನಾನು ನನ್ನ ಯೆಜ್ಡಿ ಬೈಕಿನ ವಿಷಯ ತೆಗೆದೆ. ಅದನ್ನು ಮಾಡಿದ ನಮ್ಮ ಯಾದವಗಿರಿ ಫ್ಯಾಕ್ಟರಿ 1996ರಲ್ಲಿ ನಿಂತುಹೋಯಿತು, ನನ್ನ ಗಾಡಿಯ ಆಯಿಲ್ ಸೋರುವುದು ಇನ್ನೂ ನಿಂತಿಲ್ಲ. ಹೊಸದು ಮಾಡದೆ ಇದ್ದಂತೆಯೇ ಉಳಿಸಿಕೊಂಡ ಗಾಡಿಗಳಿಗೆ ಶೋಗಳಲ್ಲಿ ಬೇರೆ ವಿಭಾಗವೇ ಇದೆ, ಅಲ್ವಾ?

"ಅದು ಕಾಪಾಡಿದವರಿಗೆ. ಸೋಮಾರಿಗಳಿಗಲ್ಲ."

ಹೊಟ್ಟೆ ಚುರುಗುಟ್ಟತೊಡಗಿತ್ತು. ಇದೇ ಕಾರಿನಲ್ಲಿ ನಜರಬಾದಿಗೆ ದೋಸೆ ತಿನ್ನಲು ಹೋಗೋಣ ಎಂದೆ. ಧೂಳಾಗುತ್ತದೆ ಎಂದ ಸೀನ.

"ಲೋ, ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ 1950ರಿಂದ ಶೋ ನಡೆಯುತ್ತಿದೆ. ಶೋಗೆ ಮುಂಚೆ ರಸ್ತೆ ಮೇಲೆ ಒಂದು ಟೂರ್ ಇರುತ್ತದೆ. ಎರಡು ಕಾರುಗಳಿಗೆ ಸಮ ಅಂಕ ಬಂದರೆ, ಟೂರ್ ಮುಗಿಸಿದ್ದೇ ಮುಂದೆ" ಎಂದರು ಮೇಷ್ಟ್ರು. ದೋಸೆಯ ವಿಷಯದಲ್ಲಿ ಅವರು ಯಾವತ್ತೂ ನಮ್ಮ ಪಕ್ಷ.

ಸೀನ ಕೀ ತರಲು ಹೊರಟ. ಅಷ್ಟರಲ್ಲಿ ಅವರಮ್ಮ ಬಂದರು. ತಟ್ಟೆಯಲ್ಲಿ ವಿಭೂತಿ, ಕುಂಕುಮ, ನಾಲ್ಕು ನಿಂಬೆಹಣ್ಣು.

"ಅಮ್ಮಾ, ಬಾನೆಟ್ ಮೇಲೆ ಮಾತ್ರ ಬೇಡ! ಗಾಜಿಗೆ ಹಚ್ಚು."

"ನಿಮ್ಮಪ್ಪ ತಂದ ದಿನದಿಂದ ಬಾನೆಟ್‌ಗೇ ಹಚ್ಚಿದ್ದು. ನೀನೊಬ್ಬ ಹೊಸ ಶಾಸ್ತ್ರ ತರಬೇಡ" ಎಂದು ಮೂರು ಬೆರಳು ಎಳೆದೇಬಿಟ್ಟರು.

ಸೀನ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, ಬಗ್ಗಿ ಪಟ್ಟೆಗಳನ್ನು ಪರೀಕ್ಷಿಸಿದರು.

"ಇದು ಒರಿಜಿನಲ್" ಎಂದರು. "ಇದಕ್ಕೆ ಕಳೆಯುವ ಹಾಗಿಲ್ಲ."