ಅಪ್‌ಡೇಟ್: ಕಸೂತಿಗೆ ಒಂದು ವರ್ಷ, ಗವಂತಿ ಗೆರೆ ಕೊನೆಗೂ ನೇರವಾಯಿತು

ಗವಂತಿ (ಒಂದೇ ಗೆರೆಯಲ್ಲಿ ಹೋಗಿ ಬಂದು ತುಂಬುವ ಕಸೂತಿ ಹೊಲಿಗೆ) ಹಾಕಿ ವಾಪಸ್ ಬರುವಾಗ ಗೆರೆ ಗರಗಸದ ಹಲ್ಲಿನಂತಾಗುವುದೇಕೆ ಎಂದು ಹೋದ ವರ್ಷ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಈವರೆಗೆ ಮುಗಿದದ್ದು ಎರಡು ದಿಂಬಿನ ಕವರು, ಒಂದು ಜೊತೆ ರವಿಕೆ ತೋಳು.

ತಪ್ಪಿದ್ದದ್ದು ಸೂಜಿ ಏಳುವ ಜಾಗದಲ್ಲಿ. ಹೋಗುವಾಗ ಬಟ್ಟೆಯ ಎರಡು ಎಳೆ ಮೇಲೆ, ಎರಡು ಎಳೆ ಕೆಳಗೆ. ಬರುವಾಗ ಅದೇ ತೂತುಗಳಲ್ಲಿ ಖಾಲಿ ಜಾಗ ತುಂಬಬೇಕು. ಏಳುವಾಗ ಪ್ರತಿ ಸಲ ಹಳೆಯ ದಾರದ ಮೇಲ್ಬದಿ, ಇಳಿಯುವಾಗ ಕೆಳಬದಿ. ಇದು ಒಮ್ಮೆ ಅದಲುಬದಲಾದರೂ ಗೆರೆ ಕುಣಿಯುತ್ತದೆ. ಮೊನೆ ಮೊಂಡಾದ 24ನೇ ನಂಬರಿನ ಸೂಜಿಯೇ ಸರಿ. ಚೂಪು ಸೂಜಿ ಹಳೆಯ ದಾರವನ್ನೇ ಸೀಳುತ್ತದೆ, ಆಮೇಲೆ ಬಿಚ್ಚಲೂ ಆಗದು.

ಗೋಪುರದಂಥ ಕವಲಿರುವ ವಿನ್ಯಾಸದಲ್ಲಿ ಕವಲಿಗೆ ಹೋಗಿ ಬಂದು, ಆಮೇಲೆ ಮುಖ್ಯ ಗೆರೆ ಮುಂದುವರಿಸಿ. ಕವಲು ಬಿಟ್ಟುಹೋದರೆ ಹಿಂಬದಿಯಲ್ಲಿ ದಾರ ಅಡ್ಡ ಹಾಯುತ್ತದೆ, ಎರಡೂ ಬದಿ ಒಂದೇ ಥರ ಕಾಣುವ ಗವಂತಿಯ ಚೆಂದವೇ ಹೋಗುತ್ತದೆ. ಗಂಟು ಹಾಕಲೇಬಾರದು. ಗೇಣುದ್ದದ ತುದಿ ಬಿಟ್ಟು ಶುರುಮಾಡಿ, ಕೊನೆಗೆ ಅದನ್ನು ನಾಲ್ಕೈದು ಹೊಲಿಗೆಯೊಳಗೆ ನುಸುಳಿಸಿ. ದಾರ ಎರಡೆಳೆ, 45 ಸೆಂ.ಮೀ. ಸಾಕು, ಉದ್ದವಾದರೆ ಜುಂಗು ಏಳುತ್ತದೆ.

ರೇಷ್ಮೆಯಲ್ಲಿ ಎಳೆ ಎಣಿಸುವುದು ಕಷ್ಟ. ಮೇಲೆ ಎಳೆ ಎಣಿಸಲು ಬರುವ ಕ್ಯಾನ್ವಾಸ್ ಬಟ್ಟೆಯನ್ನು ಟಾಕಿ (ತಾತ್ಕಾಲಿಕ ಹೊಲಿಗೆ) ಹಾಕಿ ಕೂರಿಸಿ, ಅದರ ಮೇಲೆಯೇ ಕಸೂತಿ ಹಾಕಿ, ಮುಗಿದ ಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆಯಿರಿ. ಕೆಂಪು ದಾರವಿದ್ದರೆ ಮೊದಲೇ ಬಿಳಿ ಬಟ್ಟೆ ಚೂರಿನ ಮೇಲೆ ಒದ್ದೆ ಮಾಡಿ ನೋಡಿ. ಬಣ್ಣ ಬಿಟ್ಟರೆ ಆ ದಾರ ಬೇಡವೇ ಬೇಡ.

ಮುಂದಿನದು ಮುರಗಿಯಲ್ಲಿ (ಅಂಕುಡೊಂಕಾಗಿ ಸಾಗುವ ಕಸೂತಿ ಹೊಲಿಗೆ) ಸೆರಗು.