ಮಾದರಿ ರೈಲು ಕಟ್ಟುವ ನೀವೆಲ್ಲ ಹೊಟ್ಟೆಪಾಡಿಗೆ ಏನು ಕೆಲಸ ಮಾಡುತ್ತೀರಿ?

ಪ್ರಶ್ನೆ: ಶಾಲಾ ಶಿಕ್ಷಕಿ, ಕಲಬುರಗಿ

ಎಲ್ಲರಿಗೂ ಶರಣಾರ್ಥಿ. ನಾನು ಕಲಬುರಗಿಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕಿ. ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿರುವ ನನ್ನ ಮಗ ಮೂರು ವರ್ಷಗಳಿಂದ ಮಾಳಿಗೆ ಮೇಲಿನ ಕೋಣೆಯಲ್ಲಿ, ಎಂಟಡಿ ಉದ್ದ ನಾಲ್ಕಡಿ ಅಗಲದ ಪ್ಲೈವುಡ್ಡಿನ ಮೇಲೆ ವಾಡಿ ಜಂಕ್ಷನ್ನಿನ ಪುಟ್ಟ ಮಾದರಿಯೊಂದನ್ನು ಕಟ್ಟುತ್ತಿದ್ದಾನೆ. ಸೊಲ್ಲಾಪುರದ ಕಡೆಯಿಂದ ಬರುವ ಹಳಿ, ರಾಯಚೂರಿಗೆ ಹೋಗುವ ಹಳಿ, ಸಿಕಂದರಾಬಾದಿನ ಕಡೆಗೆ ಕವಲೊಡೆಯುವ ಹಳಿ, ಮೂರನ್ನೂ ಸ್ಟೇಷನ್ನಿಗೆ ಹೋಗಿ ನಿಂತು ನೋಡಿಕೊಂಡು ಬಂದು ನಕ್ಷೆ ಬರೆದಿದ್ದಾನೆ. ಅವನ ನೋಟ್‌ಬುಕ್ಕಿನಲ್ಲಿ ಒಂದು ಲೆಕ್ಕವಿದೆ. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್. ಅವನು ಕಟ್ಟುತ್ತಿರುವುದು ಎಚ್‌ಒ ಎಂಬ ಅಳತೆಯಲ್ಲಿ, ಅಂದರೆ ನಿಜವಾದುದರ 87ನೇ ಒಂದು ಪಾಲು. ಹಾಗಾಗಿ ಆ ಅಂತರವನ್ನು 87ರಿಂದ ಭಾಗಿಸಿದರೆ 19 ಮಿಲಿಮೀಟರಿಗಿಂತ ತುಸು ಹೆಚ್ಚು ಬರಬೇಕು. ಆದರೆ ಪೇಟೆಯಲ್ಲಿ ಸಿಗುವ ಎಚ್‌ಒ ಹಳಿಯ ಅಂತರ 16.5 ಮಿಲಿಮೀಟರ್. ಈ ವ್ಯತ್ಯಾಸ ಯಾಕೆ ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ನನ್ನ ಮುಖ್ಯ ಪ್ರಶ್ನೆ ಬೇರೆಯದು. ರೈಲ್ವೆ ನೌಕರಿಯೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ತಾನು ಹೋಗುವುದಿಲ್ಲ ಎಂದು ಮಗ ಹಟ ಹಿಡಿದಿದ್ದಾನೆ. ಬೇರೆ ಉದ್ಯೋಗಕ್ಕೆ ಸೇರಿದರೆ ಈ ಮಾದರಿಯನ್ನು ಕೈಬಿಡಬೇಕಾಗುತ್ತದೆ ಎಂಬ ಭಯ ಅವನಿಗಿದೆ ಎಂದು ನನಗೆ ಈಚೆಗೆ ಹೊಳೆಯಿತು. ಮನೆಯ ಹಿರಿಯರಾದರೋ ಓದು ಮುಗಿಯುವವರೆಗೆ ಹಲಗೆಯನ್ನು ಅಟ್ಟಕ್ಕೆ ಹಾಕಿಬಿಡಿ ಎನ್ನುತ್ತಿದ್ದಾರೆ. ಈ ಹವ್ಯಾಸವುಳ್ಳ ನೀವು ನಿಜಕ್ಕೂ ಯಾವ ಯಾವ ಉದ್ಯೋಗದಲ್ಲಿದ್ದೀರಿ? ಆ ಉದ್ಯೋಗ ನಿಮ್ಮ ಹಳಿಗಳಿಗೆ ಏನು ಕೊಟ್ಟಿತು, ಏನನ್ನು ಕಿತ್ತುಕೊಂಡಿತು? ದಯವಿಟ್ಟು ಬಿಚ್ಚುಮನಸ್ಸಿನಿಂದ ಬರೆಯಿರಿ. ಉತ್ತರಗಳನ್ನು ಅವನಿಗೇ ಓದಿಸಬೇಕೆಂದಿದ್ದೇನೆ.

ಉತ್ತರ: ನಿವೃತ್ತ ಪಿ-ವೇ (ರೈಲು ಹಳಿ ನಿರ್ವಹಣೆ) ಇಂಜಿನಿಯರ್, ವಾಡಿ

ತಂಗಿಯವರೇ, ಶರಣಾರ್ಥಿ. ನಿಮ್ಮ ಮಗನ ಲೆಕ್ಕ ಸರಿಯಾಗಿದೆ. 16.5 ಮಿಲಿಮೀಟರ್ ಎಂಬುದು ಯುರೋಪು ಮತ್ತು ಅಮೆರಿಕದ 1435 ಮಿಲಿಮೀಟರ್ ಗೇಜನ್ನು 87ರಿಂದ ಭಾಗಿಸಿ ಬಂದ ಅಳತೆ. ನಮ್ಮ ಗೇಜು ಅದಕ್ಕಿಂತ ಅಗಲ. ಆದ್ದರಿಂದ ಆ ಹಳಿಯ ಮೇಲೆ ನಮ್ಮ ಬೋಗಿಯ ಮಾದರಿಯನ್ನು ಕೂರಿಸಿದರೆ, ಮುಂದಿನಿಂದ ನೋಡಿದಾಗ ಚಕ್ರಗಳು ಒಳಕ್ಕೆ ಸರಿದಂತೆ ಕಾಣುತ್ತವೆ. ಬಹುಪಾಲು ಜನ ಇದನ್ನು ಒಪ್ಪಿಕೊಂಡು ಮುಂದೆ ಹೋಗುತ್ತಾರೆ. ಒಪ್ಪದವರು ಕೈಯಾರೆ ಹಳಿ ಹಾಕಿಕೊಳ್ಳಬೇಕು. ಹದಿನೇಳು ವರ್ಷದ ಹುಡುಗ ಯಾರೂ ಹೇಳಿಕೊಡದೆ ಇದನ್ನು ಗುರುತಿಸಿದ್ದಾನೆಂದರೆ ನನಗೆ ತುಂಬಾ ಸಂತೋಷವಾಗುತ್ತದೆ.

ಇನ್ನು ಉದ್ಯೋಗದ ಮಾತು. ನಾನು ಬದುಕಿನುದ್ದಕ್ಕೂ ಹಳಿ ನಿರ್ವಹಣೆಯ ಕೆಲಸದಲ್ಲಿದ್ದವನು. ಗ್ಯಾಂಗಿನವರ ಜೊತೆ ಟ್ರಾಲಿಯಲ್ಲಿ ಸುತ್ತಿದವನು. ಆದರೂ ಹೇಳುತ್ತೇನೆ: ನನ್ನೊಂದಿಗೆ ದುಡಿದವರಲ್ಲಿ ಮಾದರಿ ರೈಲು ಕಟ್ಟಿದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಹಗಲೆಲ್ಲ ಹಳಿ ನೋಡಿ ಬಂದವನಿಗೆ ರಾತ್ರಿ ಮತ್ತೆ ಹಳಿ ಬೇಕೆನಿಸುವುದು ಅಪರೂಪ. ಜೊತೆಗೆ ವರ್ಗಾವಣೆಯ ಕಾಟ. ಮೂರು ಸಲ ಕ್ವಾರ್ಟರ್ಸ್ ಬದಲಾದಾಗ ಮೂರು ಸಲವೂ ನನ್ನ ಮಾದರಿ ಮುರಿಯಿತು. ನಾಲ್ಕನೆಯ ಬಾರಿ ಎರಡೆರಡು ಅಡಿಯ ತುಂಡುಗಳಾಗಿ ಕಟ್ಟಿ, ಬೋಲ್ಟು ಬಿಗಿದು ಜೋಡಿಸುವಂತೆ ಮಾಡಿಕೊಂಡೆ. ಅದು ಇಂದಿಗೂ ಇದೆ. ರೈಲ್ವೆ ನೌಕರಿ ಸಿಕ್ಕರೆ ಮಾದರಿ ತಾನಾಗಿಯೇ ಉಳಿಯುತ್ತದೆ ಎಂದು ನಿಮ್ಮ ಮಗ ಎಣಿಸಿದ್ದರೆ, ಆ ಎಣಿಕೆಯನ್ನು ಅವನು ಬಿಡುವುದು ಒಳ್ಳೆಯದು.

ನೌಕರಿ ನನಗೆ ಏನನ್ನೂ ಕೊಡಲಿಲ್ಲವೆಂದಲ್ಲ. ಒಂದು ಮೇ ತಿಂಗಳ ಮಧ್ಯಾಹ್ನ, ಪತ್ರಾಸಿನ ಕೋಣೆಯಲ್ಲಿ, ನನ್ನ ಮಾದರಿಯ ನೇರ ಹಳಿಯೊಂದು ಹಾವಿನಂತೆ ಸೊಟ್ಟಗಾಯಿತು. ದೊಡ್ಡ ಹಳಿಯಲ್ಲಿ ಯಾವುದನ್ನು ತಡೆಯಲು ನಾವು ಬೇಸಿಗೆಯಲ್ಲಿ ಗಸ್ತು ತಿರುಗುತ್ತಿದ್ದೆವೋ ಅದೇ ಕಣ್ಣೆದುರಿನ ಮೇಜಿನ ಮೇಲೆ ನಡೆದಿತ್ತು. ನಿಕಲ್ ಸಿಲ್ವರ್ ಹಳಿ ಮೂರು ಮೀಟರ್ ಉದ್ದವಿದ್ದು, ಚಳಿಗಾಲದ ನಸುಕಿಗೂ ನಮ್ಮ ಬೇಸಿಗೆಯ ಮಧ್ಯಾಹ್ನಕ್ಕೂ 25 ಡಿಗ್ರಿ ಅಂತರವಿದ್ದರೆ, ಅದು ಹೆಚ್ಚುಕಡಿಮೆ ಒಂದೂಕಾಲು ಮಿಲಿಮೀಟರ್ ಹಿಗ್ಗುತ್ತದೆ. ನಾನು ಅದನ್ನು ಚಳಿಗಾಲದಲ್ಲಿ ಜೋಡಿಸಿ, ಎಲ್ಲ ಕೀಲುಗಳನ್ನೂ ಬೆಸುಗೆ ಹಾಕಿಬಿಟ್ಟಿದ್ದೆ. ನಿಮ್ಮ ಮಗನ ಕೋಣೆಯೂ ಮಾಳಿಗೆಯ ಮೇಲಿರುವುದರಿಂದ, ಪ್ರತಿ ಮೀಟರಿಗೆ ಒಂದು ಕೀಲನ್ನಾದರೂ ಬೆಸುಗೆಯಿಲ್ಲದೆ ಬಿಟ್ಟು, ಅಲ್ಲಿ ಅರ್ಧ ಮಿಲಿಮೀಟರ್ ಸಂದು ಇಡಲು ಹೇಳಿ. ಮಾದರಿ ಇಂಜಿನ್ನಿಗೆ ವಿದ್ಯುತ್ತು ಹಳಿಯ ಮೂಲಕವೇ ಬರುವುದರಿಂದ, ಆ ಸಂದಿನ ಎರಡೂ ಬದಿಗೆ ಪ್ರತ್ಯೇಕ ತಂತಿ ಕೊಡದಿದ್ದರೆ ಇಂಜಿನ್ನು ಮಧ್ಯದಲ್ಲೇ ನಿಲ್ಲುತ್ತದೆ ಎಂಬುದನ್ನೂ ಅವನಿಗೆ ತಿಳಿಸಿ.

ಉತ್ತರ: ದಂತವೈದ್ಯ, ಬೀದರ್

ಅಕ್ಕನವರೇ, ನಾನು ದಂತವೈದ್ಯ. ಬೀದರ್–ಕಲಬುರಗಿ ಮಾರ್ಗ 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಮೇಲೆ ಆ ಹಾದಿಯ ಮರಗುತ್ತಿ ಸುರಂಗದ ಬಾಯಿಯನ್ನು ಮಾದರಿಯಾಗಿ ಮಾಡಬೇಕೆಂಬ ಆಸೆ ಹುಟ್ಟಿ ಈ ಹವ್ಯಾಸಕ್ಕೆ ಬಂದೆ. ಬಂಡೆಗಳನ್ನು ಹೇಗೆ ಮಾಡುವುದೆಂದು ನಾನು ಯಾರನ್ನೂ ಕೇಳಬೇಕಾಗಲಿಲ್ಲ. ಹಲ್ಲಿನ ಅಚ್ಚು ತೆಗೆಯುವ ಸಿಲಿಕಾನನ್ನು ನಿಜವಾದ ಕಲ್ಲಿನ ಮೇಲೆ ಒತ್ತಿ ತೆಗೆದರೆ ಕಲ್ಲಿನ ಒಂದೊಂದು ಸೀಳೂ ಅದರಲ್ಲಿ ಮೂಡುತ್ತದೆ. ಅದಕ್ಕೆ ದಂತ ಪ್ಲಾಸ್ಟರ್ ಹುಯ್ದರೆ ಗುಡ್ಡದ ಗೋಡೆ ಸಿದ್ಧ. ಅಚ್ಚು ತೆಗೆಯುವ ಇನ್ನೊಂದು ವಸ್ತುವಾದ ಆಲ್ಜಿನೇಟ್ ಅಗ್ಗ, ಆದರೆ ಅದು ಬೇಗನೆ ಒಣಗಿ ಕುಗ್ಗುವುದರಿಂದ ಅಚ್ಚು ತೆಗೆದ ಕೂಡಲೇ ಪ್ಲಾಸ್ಟರ್ ಹಾಕಬೇಕು. ಸವೆದು ಚಿಕಿತ್ಸೆಗೆ ಬಾರದಂತಾದ ಡ್ರಿಲ್ಲಿನ ಬರ್‌ಗಳು ಸ್ಲೀಪರಿನ ರಂಧ್ರ ಕೊರೆಯಲು ಚೆನ್ನಾಗಿಯೇ ಒದಗುತ್ತವೆ.

ಅಮೆರಿಕದ ಜಾನ್ ಅಲೆನ್ ಅವರ ಹೆಸರನ್ನು ನಿಮ್ಮ ಮಗ ಕೇಳಿರಬಹುದು. ವೃತ್ತಿಯಿಂದ ಛಾಯಾಗ್ರಾಹಕರಾಗಿದ್ದ ಅವರು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಕಟ್ಟಿದ ಮಾದರಿಯ ಚಿತ್ರಗಳನ್ನು ನೋಡಿದರೆ, ಬೆಳಕು ಎಲ್ಲಿ ಬೀಳಬೇಕು, ತುಕ್ಕು ಎಲ್ಲಿ ಹಿಡಿಯಬೇಕು ಎಂಬುದನ್ನು ಕ್ಯಾಮರಾ ಹಿಡಿದ ಕಣ್ಣೇ ನಿರ್ಧರಿಸಿದೆ ಎಂದು ತಿಳಿಯುತ್ತದೆ. ಹೊಸದಾಗಿ ಹೊಳೆಯುವ ಬೋಗಿಗಳಿಗಿಂತ ಹಳೆಯದಾಗಿ ಮಾಸಿದ ಬೋಗಿಗಳು ನಿಜವೆನಿಸುತ್ತವೆ ಎಂಬುದನ್ನು ಬಹಳ ಜನರು ಕಲಿತದ್ದು ಅವರಿಂದ. 1973ರಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಆ ಮಾದರಿ ಬೆಂಕಿಗೆ ಆಹುತಿಯಾಯಿತು. ಚಿತ್ರಗಳು ಉಳಿದಿವೆ.

ನನ್ನ ವೃತ್ತಿ ಕಿತ್ತುಕೊಂಡದ್ದು ಕಣ್ಣಿನ ಮತ್ತು ಕತ್ತಿನ ಬಲವನ್ನು. ದಿನವಿಡೀ ಬಗ್ಗಿ ಕೆಲಸ ಮಾಡಿದವನು ರಾತ್ರಿ ಮತ್ತೆ ಬಗ್ಗಲಾರ. ಆದ್ದರಿಂದ ವಾರಕ್ಕೆ ಒಂದೇ ದಿನ, ಭಾನುವಾರ ಬೆಳಿಗ್ಗೆ, ಮೂರು ಗಂಟೆ ಮಾತ್ರ ಇದಕ್ಕೆ ಕೂರುತ್ತೇನೆ.

ಉತ್ತರ: ಬಿದರಿ ಕುಶಲಕರ್ಮಿ, ಬೀದರ್

ಡಾಕ್ಟರ ಮಾದರಿಯಲ್ಲಿ ಓಡುವ ಇಂಜಿನ್ನುಗಳ ಸಂಖ್ಯಾಫಲಕಗಳನ್ನು ಕೊರೆದವನು ನಾನು. ಸತು-ತಾಮ್ರದ ಹೂಜಿಯ ಮೇಲೆ ಉಳಿಯಿಂದ ಗೆರೆ ಕೊರೆದು, ಅದರೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವುದು ನಮ್ಮ ಮನೆತನದ ಕಸುಬು. ಆ ಕೈಗೆ ಅರ್ಧ ಮಿಲಿಮೀಟರಿನ ಅಕ್ಷರ ಸಣ್ಣದೆನಿಸುವುದಿಲ್ಲ. ಈಗ ನನ್ನದೇ ಒಂದು ಗೂಡ್ಸ್ ಗಾಡಿಯಿದೆ. ತಮ್ಮನಿಗೆ ಫಲಕಗಳು ಬೇಕಿದ್ದರೆ ಅಳತೆ ಕಳುಹಿಸಲಿ, ಮಾಡಿಕೊಡುತ್ತೇನೆ.

ಉತ್ತರ: ನಿವೃತ್ತ ಟೆಲಿಫೋನ್ ಮೆಕ್ಯಾನಿಕ್, ಯಾದಗಿರಿ

ಮೇಡಂ ಅವರೇ, ನಿಮ್ಮ ಪ್ರಶ್ನೆ ನನ್ನ ಬದುಕಿಗೆ ಬಹಳ ಹತ್ತಿರವಾದದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇದ್ದದ್ದು ಸ್ಟ್ರೌಜರ್ ಎಕ್ಸ್‌ಚೇಂಜುಗಳು. ಚಂದಾದಾರರು ಡಯಲ್ ತಿರುಗಿಸಿದಾಗ ಒಂದೊಂದು ಅಂಕಿಯೂ ವಿದ್ಯುತ್ತಿನ ಮಿಡಿತಗಳಾಗಿ ಬಂದು, ಸೆಲೆಕ್ಟರನ್ನು ಟಕ ಟಕ ಎಂದು ಮೆಟ್ಟಿಲೇರಿಸುತ್ತಿತ್ತು. ಯಾವ ದಾರಿ ಖಾಲಿಯಿದೆ, ಯಾವುದು ತುಂಬಿದೆ ಎಂಬುದನ್ನು ನೆನಪಿಟ್ಟುಕೊಳ್ಳುತ್ತಿದ್ದದ್ದು ರಿಲೇಗಳು, ಅಂದರೆ ವಿದ್ಯುತ್ತಿನಿಂದಲೇ ತೆರೆದು ಮುಚ್ಚುವ ಸ್ವಿಚ್ಚುಗಳು. ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಬಂದ ಮೇಲೆ ಆ ರಿಲೇಗಳು ಹರಾಜಾಗಿ ಗುಜರಿ ಸೇರಿದವು. ನಾನು ಗುಜರಿಯವನಿಂದ ತೂಕದ ಲೆಕ್ಕದಲ್ಲಿ ಒಂದು ಚೀಲ ರಿಲೇ ಕೊಂಡು ತಂದೆ. ಆಗ ನನಗೆ ಮಾದರಿ ರೈಲಿನ ವಿಚಾರವೇ ಗೊತ್ತಿರಲಿಲ್ಲ. ಅಷ್ಟು ಕಾಲ ಒರೆಸಿ, ಕಾಂಟ್ಯಾಕ್ಟ್ ತಿದ್ದಿ ಕಾಪಾಡಿದ ವಸ್ತುಗಳನ್ನು ಕುಲುಮೆಗೆ ಬಿಡಲು ಮನಸ್ಸಾಗಲಿಲ್ಲ, ಅಷ್ಟೆ.

ಮೊಮ್ಮಗನಿಗೆಂದು ತಂದ ರೈಲಿನ ಸೆಟ್ಟು ಆ ರಿಲೇಗಳಿಗೆ ಕೆಲಸ ಕೊಟ್ಟಿತು. ಪಾಯಿಂಟ್ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲು) ಸರಿಯಾದ ಕಡೆಗೆ ತಿರುಗಿ ಗಟ್ಟಿಯಾಗಿ ಕೂರುವವರೆಗೆ ಸಿಗ್ನಲ್ ಹಸಿರಾಗಬಾರದು. ಹಸಿರಾದ ಮೇಲೆ ಪಾಯಿಂಟ್ ಕದಲಬಾರದು. ಒಂದು ಹಳಿಯಲ್ಲಿ ಗಾಡಿ ನಿಂತಿರುವಾಗ ಇನ್ನೊಂದನ್ನು ಅಲ್ಲಿಗೆ ಬಿಡಬಾರದು. ಈ ಮೂರು ನಿಯಮಗಳನ್ನು ಹದಿನಾಲ್ಕು ರಿಲೇಗಳಲ್ಲಿ ಕಟ್ಟಿದ್ದೇನೆ. ಟೆಲಿಫೋನ್ ರಿಲೇಗೆ ಸುಮಾರು 50 ವೋಲ್ಟ್ ಬೇಕು, ರೈಲಿಗೆ 12 ವೋಲ್ಟ್ ಸಾಕು. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಸರಬರಾಜು ಇಡಬೇಕು. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಒಂದು ಗಾಡಿಯನ್ನು ಲೂಪಿಗೆ ಬಿಟ್ಟರೆ, ರಿಲೇಗಳು ಒಂದರ ಹಿಂದೆ ಒಂದು ಎಳೆದುಕೊಳ್ಳುವ ಸದ್ದು ಕೇಳಿಸುತ್ತದೆ. ಹಳೆಯ ಎಕ್ಸ್‌ಚೇಂಜಿನಲ್ಲಿ ರಾತ್ರಿ ಪಾಳಿಯಲ್ಲಿ ಕುಳಿತಂತೆಯೇ ಅನ್ನಿಸುತ್ತದೆ.

ಇದು ನಾನೊಬ್ಬನೇ ಕಂಡುಕೊಂಡ ದಾರಿಯಲ್ಲ. ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ 1946ರಲ್ಲಿ ವಿದ್ಯಾರ್ಥಿಗಳ ಮಾದರಿ ರೈಲು ಕ್ಲಬ್ಬೊಂದು ಹುಟ್ಟಿತು. ಮೇಜಿನ ಮೇಲೆ ಗುಡ್ಡ, ಮನೆ, ಬೋಗಿಗಳನ್ನು ಮಾಡುವವರು ಒಂದು ಗುಂಪಾದರೆ, ಮೇಜಿನ ಕೆಳಗೆ ಟೆಲಿಫೋನ್ ಉಪಕರಣಗಳಿಂದ ಸಿಗ್ನಲ್ ಮತ್ತು ವಿದ್ಯುತ್ತಿನ ವ್ಯವಸ್ಥೆ ಕಟ್ಟುವವರು ಇನ್ನೊಂದು ಗುಂಪು. ಆ ಎರಡನೆಯ ಗುಂಪಿನ ಹುಡುಗರೇ ಮುಂದೆ ಅಲ್ಲಿನ ಮೊದಲ ಕಂಪ್ಯೂಟರುಗಳ ಮುಂದೆ ರಾತ್ರಿಗಳನ್ನು ಕಳೆದು ಪ್ರೋಗ್ರಾಂ ಬರೆದರು. ‘ಹ್ಯಾಕರ್’ ಎಂಬ ಪದ ಕಂಪ್ಯೂಟರ್ ಲೋಕಕ್ಕೆ ಬಂದದ್ದೂ ಅವರ ಬಾಯಿಂದ. ನಿಮ್ಮ ಮಗ ಮೇಜಿನ ಮೇಲೆ ಹೆಚ್ಚು ಹೊತ್ತು ಕಳೆಯುತ್ತಾನೋ, ಕೆಳಗೆ ತಂತಿಗಳ ನಡುವೆಯೋ ಎಂಬುದನ್ನು ಒಂದು ತಿಂಗಳು ಗಮನಿಸಿ. ಯಾವ ಕೋರ್ಸ್ ಎಂಬುದನ್ನು ಆಮೇಲೆ ಮಾತಾಡಬಹುದು. ಹಲಗೆಯನ್ನು ಅಟ್ಟಕ್ಕೆ ಹಾಕಿದರೆ ಅದನ್ನು ತಿಳಿಯುವ ಅವಕಾಶವೇ ಹೋಗುತ್ತದೆ.

ಉತ್ತರ: ಔಷಧಿ ಅಂಗಡಿ, ಯಾದಗಿರಿ

ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ ಅಂಗಡಿ ಬಿಟ್ಟು ಕದಲಲಾರದ ಉದ್ಯೋಗ ನನ್ನದು. ಆದ್ದರಿಂದ ಎಚ್‌ಒಗಿಂತ ಚಿಕ್ಕದಾದ, 9 ಮಿಲಿಮೀಟರ್ ಹಳಿಯ ಎನ್ ಅಳತೆಯ ಮಾದರಿಯನ್ನು ಆರಿಸಿಕೊಂಡೆ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಔಷಧಿ ಪೆಟ್ಟಿಗೆಯ ರಟ್ಟಿನಿಂದ ಸ್ಟೇಷನ್ ಕಟ್ಟಡಗಳನ್ನು ಕತ್ತರಿಸುತ್ತೇನೆ. ಗಾಯಕ ರಾಡ್ ಸ್ಟೂವರ್ಟ್ ಅವರು ಸಂಗೀತ ಪ್ರವಾಸಗಳಲ್ಲಿ ಹೋಟೆಲಿನಲ್ಲಿ ಇನ್ನೊಂದು ಕೋಣೆ ಪಡೆದು ತಮ್ಮ ಮಾದರಿ ನಗರದ ಕಟ್ಟಡಗಳನ್ನು ಕಟ್ಟುತ್ತಿದ್ದರಂತೆ. ಆ ಮಾದರಿ ಮುಗಿಯಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಹ್ಯಾಂಬರ್ಗಿನಲ್ಲಿ 2001ರಲ್ಲಿ ತೆರೆದ ಬೃಹತ್ ಮಾದರಿ ರೈಲಿನ ಪ್ರದರ್ಶನವನ್ನು ಕಟ್ಟಿದ ಅವಳಿ ಸಹೋದರರು ಅದಕ್ಕೂ ಮೊದಲು ನಡೆಸುತ್ತಿದ್ದದ್ದು ಡಿಸ್ಕೋಥೆಕ್.

ಅಷ್ಟು ದೂರ ಹೋಗುವುದು ಬೇಡ. ಪುಣೆಯ ಕೋಥ್ರೂಡಿನಲ್ಲಿ ಬಿ.ಎಸ್. ಜೋಶಿಯವರು ಕಟ್ಟಿ, 1998ರಲ್ಲಿ ತೆರೆದ ಪುಟಾಣಿ ರೈಲುಗಳ ಸಂಗ್ರಹಾಲಯವಿದೆ. ಕಲಬುರಗಿಯಲ್ಲಿ ರೈಲು ಹತ್ತಿದರೆ ಸೊಲ್ಲಾಪುರ ದಾಟಿ ನೇರ ಪುಣೆ. ಪರೀಕ್ಷೆ ಮುಗಿದ ಮೇಲೆ ಮಗನನ್ನು ಕರೆದುಕೊಂಡು ಹೋಗಿ.

ಮರುಉತ್ತರ: ಶಾಲಾ ಶಿಕ್ಷಕಿ, ಕಲಬುರಗಿ

ನಿಮ್ಮೆಲ್ಲರಿಗೂ ನಾನು ಋಣಿ. ನಿನ್ನೆ ರಾತ್ರಿ ಊಟವಾದ ಮೇಲೆ ಎಲ್ಲವನ್ನೂ ಅವನಿಗೆ ಓದಿ ಹೇಳಿದೆ. ಪಿ-ವೇ ಅಣ್ಣನವರ ಮಾತು ಕೇಳಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಆಮೇಲೆ ಮಾಳಿಗೆಗೆ ಹೋಗಿ, ರಾಯಚೂರು ಹಳಿಯ ಎರಡು ಬೆಸುಗೆಗಳನ್ನು ಕಾಯಿಸಿ ಬಿಡಿಸಿ ಬಂದ. ಪುಣೆಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಹಲಗೆಯನ್ನು ಇದ್ದಲ್ಲಿಯೇ ಇರಗೊಡಲು ಹಿರಿಯರೂ ಒಪ್ಪಿದ್ದಾರೆ. ಪರೀಕ್ಷೆಯವರೆಗೆ ದಿನಕ್ಕೆ ಒಂದು ಗಂಟೆ ಮಾತ್ರ ಎಂಬ ಷರತ್ತಿಗೆ ಅವನೂ ತಲೆಯಾಡಿಸಿದ್ದಾನೆ.

ಟೆಲಿಫೋನ್ ಮೆಕ್ಯಾನಿಕ್ ಸಾಹೇಬರಿಗೆ ಒಂದು ವಿನಂತಿ. ಪಾಯಿಂಟ್ ಗಟ್ಟಿಯಾಗಿ ಕೂತಿದೆ ಎಂಬುದು ರಿಲೇಗೆ ಹೇಗೆ ತಿಳಿಯುತ್ತದೆ ಎಂದು ಅವನು ಮೂರು ಸಲ ಕೇಳಿದ. ಒಂದು ಭಾನುವಾರ ನಾವು ಯಾದಗಿರಿಗೆ ಬಂದರೆ ನಿಮಗೆ ಅನುಕೂಲವಾಗುತ್ತದೆಯೇ?