ಕಡಲತಡಿಯ ಊರುಗಳಲ್ಲಿ ಸಾರ್ವಜನಿಕ ಕಟ್ಟಡಗಳನ್ನೇ ನೆಚ್ಚಿಕೊಂಡು ಆರ್ಕಿಟೆಕ್ಟ್ ಆಗಿ ಬದುಕಬಹುದೇ?

ಪ್ರಶ್ನೆ: ಕುಂದಾಪುರದ ಕಿರಿಯ ಆರ್ಕಿಟೆಕ್ಟ್

ಎಲ್ಲರಿಗೂ ನಮಸ್ಕಾರ. ಬಿ.ಆರ್ಕ್ ಮುಗಿಸಿ ನಾಲ್ಕು ವರ್ಷಗಳಾದವು. ಅಂದಿನಿಂದ ಬೆಂಗಳೂರಿನ ಒಂದು ಕಚೇರಿಯಲ್ಲಿ ಅಪಾರ್ಟ್‌ಮೆಂಟುಗಳ ನಕ್ಷೆ ಬರೆಯುತ್ತಿದ್ದೇನೆ. ಕೆಲಸದ ಬಗ್ಗೆ ದೂರಿಲ್ಲ. ಆದರೆ ಮಳೆಗಾಲದಲ್ಲಿ ಊರಿಗೆ ಹೋದಾಗಲೆಲ್ಲ ಕಾಣುವ ಒಂದು ಕಟ್ಟಡ ನನ್ನನ್ನು ಕಾಡುತ್ತಿದೆ. ನಮ್ಮ ಪಂಚಾಯಿತಿ ಕಚೇರಿ ಕಟ್ಟಿ ಹತ್ತು ವರ್ಷವೂ ಆಗಿಲ್ಲ. ಸ್ಲ್ಯಾಬ್ ಸೋರುತ್ತದೆಂದು ಅದರ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ನೀಲಿ ಶೀಟು ಹೊದಿಸಿದ್ದಾರೆ, ಆ ಟ್ರಸ್ಸಿನ ಬುಡವೂ ಈಗ ತುಕ್ಕು ಹಿಡಿದು ಪದರು ಪದರಾಗಿ ಏಳುತ್ತಿದೆ. ಪಕ್ಕದಲ್ಲಿರುವ ಮುರಕಲ್ಲಿನ ಗೋಡೆ, ಹಂಚಿನ ಮಾಡಿನ (ಇಳಿಜಾರು ಚಾವಣಿಯ) ಹಳೆಯ ಶಾಲೆಯಾದರೋ ವರ್ಷಕ್ಕೊಮ್ಮೆ ನಾಲ್ಕು ಹಂಚು ಬದಲಾಯಿಸಿದರೆ ಒಳಗೆ ಒಣಗಿಯೇ ಇರುತ್ತದೆ.

ಊರಿಗೆ ಮರಳಿ ಗ್ರಂಥಾಲಯ, ಮೀನು ಮಾರುಕಟ್ಟೆ, ಸಮುದಾಯ ಭವನ, ಅಂಗನವಾಡಿಗಳಂಥ ಕಟ್ಟಡಗಳನ್ನೇ ಮಾಡಬೇಕೆಂಬ ಆಸೆ ನನ್ನದು. ಇದರಲ್ಲಿ ಜೀವನ ಸಾಗುತ್ತದೆಯೇ? ಹೀಗೆ ಕೆಲಸ ಮಾಡಿದವರ ದಾರಿ ಹೇಗಿತ್ತು? ಕಾಲೇಜಿನಲ್ಲಿ ಕಲಿಯದ ಯಾವುದನ್ನು ನಾನು ಮೊದಲು ಕಲಿಯಬೇಕು? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1: ಮಂಗಳೂರಿನಲ್ಲಿ ಮೂವತ್ತು ವರ್ಷಗಳಿಂದ ವೃತ್ತಿಯಲ್ಲಿರುವವರು

ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ನಾನು ಮಾಡಿದ ಮೊದಲ ಸಾರ್ವಜನಿಕ ಕಟ್ಟಡದ ವಿಷಯವನ್ನೇ ಮೊದಲು ಹೇಳುತ್ತೇನೆ. ಕಡಲಿನಿಂದ ಅರ್ಧ ಮೈಲಿ ದೂರದ ಒಂದು ಹಳ್ಳಿಗೆ ಸಮುದಾಯ ಭವನ ಬೇಕಾಗಿತ್ತು. ಚಪ್ಪಟೆ ತಾರಸಿ, ಪಡುವಣಕ್ಕೆ ದೊಡ್ಡ ದೊಡ್ಡ ಕಿಟಕಿ, ಒಂದೂವರೆ ಅಡಿಯ ಸಜ್ಜೆ ಇಟ್ಟು ನಕ್ಷೆ ಮಾಡಿದೆ. ಗಾಳಿ ಬೆಳಕಿಗೆ ಕೊರತೆಯಿಲ್ಲವೆಂದು ಎಲ್ಲರೂ ಮೆಚ್ಚಿದರು. ಜೂನ್ ಎರಡನೆಯ ವಾರ ಹೋಗಿ ನೋಡಿದರೆ, ಕಿಟಕಿಯಿಂದ ಹತ್ತು ಅಡಿ ಒಳಗಿನವರೆಗೂ ನೆಲ ಒದ್ದೆಯಾಗಿತ್ತು, ಊರಿನವರು ತೆಂಗಿನ ಮಡಲಿನ ತಟ್ಟಿ ಹೆಣೆದು ಕಿಟಕಿಗಳಿಗೆಲ್ಲ ಹೊರಗಿನಿಂದ ಕಟ್ಟಿದ್ದರು. ನಮ್ಮ ಮಳೆ ಮೇಲಿನಿಂದ ಬೀಳುವುದಕ್ಕಿಂತ ಪಕ್ಕದಿಂದ ಹೊಡೆಯುವುದೇ ಹೆಚ್ಚು ಎಂಬುದನ್ನು ಹುಟ್ಟಿನಿಂದ ಬಲ್ಲ ನಾನು, ನಕ್ಷೆಯ ಹಲಗೆಯ ಮುಂದೆ ಕುಳಿತಾಗ ಅದನ್ನು ಮರೆತಿದ್ದೆ. ಆ ತಟ್ಟಿಗಳನ್ನು ಕಟ್ಟಿದವರು ನನಗೆ ಒಂದು ಮಾತನ್ನೂ ಆಡಲಿಲ್ಲ, ಚಹಾ ಕೊಟ್ಟು ಕಳುಹಿಸಿದರು. ಅಂದಿನಿಂದ ಯಾವ ಕಟ್ಟಡಕ್ಕೂ ನಾಲ್ಕು ಅಡಿಗಿಂತ ಕಡಿಮೆ ಸೂರು ಚಾಚಿಸಿಲ್ಲ, ಪಡುವಣ ಬದಿಯಲ್ಲಿ ಜಗಲಿಯಿಲ್ಲದೆ ನಕ್ಷೆ ಮುಗಿಸಿಲ್ಲ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಕರಾವಳಿಯಲ್ಲಿ ಮಾಡೇ ಕಟ್ಟಡ, ಉಳಿದದ್ದೆಲ್ಲ ಅದರ ಕೆಳಗಿನ ಏರ್ಪಾಡು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಶಾಲೆ, ಕಚೇರಿ, ಆಸ್ಪತ್ರೆಗಳಿಗೆಲ್ಲ ಈ ಮಾಡು ಬಂತು. ಹಂಚು ಒಡೆದರೆ ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಬಹುದು; ಹಂಚನ್ನು ಹೊರುವ ಮರದ ಪಕ್ಕಾಸು, ರೀಪು ಹಾಳಾದರೆ ಊರಿನ ಆಚಾರಿಯೇ ಸರಿ ಮಾಡುತ್ತಾರೆ. ಸಾರ್ವಜನಿಕ ಕಟ್ಟಡಕ್ಕೆ ಈ ಗುಣ ಬಹಳ ದೊಡ್ಡದು, ಏಕೆಂದರೆ ಉದ್ಘಾಟನೆಗೆ ಸಿಗುವ ಹಣ ದುರಸ್ತಿಗೆ ಎಂದಿಗೂ ಸಿಗುವುದಿಲ್ಲ.

ಇನ್ನು ಇಂಥ ಕೆಲಸ ಮಾಡಿದವರ ದಾರಿ. ಶ್ರೀಲಂಕಾದ ಜೆಫ್ರಿ ಬಾವಾ ಮೊದಲು ವಕೀಲರಾಗಿದ್ದವರು, ಆರ್ಕಿಟೆಕ್ಟ್ ಆಗಿ ಅರ್ಹತೆ ಪಡೆದದ್ದು 1957ರಲ್ಲಿ, ತಮ್ಮ 38ನೆಯ ವಯಸ್ಸಿನಲ್ಲಿ. ಮನೆ, ಹೋಟೆಲುಗಳಲ್ಲಿ ಮಾಡಿನ ಪ್ರಯೋಗಗಳನ್ನು ಇಪ್ಪತ್ತು ವರ್ಷ ನಡೆಸಿದ ಮೇಲೆ 1982ರಲ್ಲಿ ಕೊಲಂಬೊ ಬಳಿಯ ಕೋಟ್ಟೆಯಲ್ಲಿ ಶ್ರೀಲಂಕಾದ ಸಂಸತ್ ಭವನವನ್ನು ಪೂರೈಸಿದರು. ಮಾತರದ ಗುಡ್ಡಗಳ ಮೇಲೆ ರುಹುನ ವಿಶ್ವವಿದ್ಯಾಲಯವನ್ನು ಕಟ್ಟಿದ್ದೂ ಅದೇ ದಶಕದಲ್ಲಿ. ಅಲ್ಲಿ ಒಂದೇ ದೊಡ್ಡ ಕಟ್ಟಡವಿಲ್ಲ. ಹತ್ತಾರು ಚಿಕ್ಕ ಕಟ್ಟಡಗಳು ಇಳಿಜಾರನ್ನು ಅನುಸರಿಸಿ ಕುಳಿತಿವೆ, ನಡುವೆ ಮಾಡು ಹೊದಿಸಿದ ನಡೆದಾರಿಗಳಿವೆ.

ನಮಗೆ ಇನ್ನೂ ಹತ್ತಿರದವರು ಲಾರಿ ಬೇಕರ್. ಇಂಗ್ಲೆಂಡಿನಿಂದ 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಗಳ ಕೆಲಸಕ್ಕೆಂದು ಬಂದು ಇಲ್ಲಿಯೇ ನೆಲಸಿದ ಅವರು, 1970ರ ದಶಕದಲ್ಲಿ ತಿರುವನಂತಪುರದ ಪೂಂದುರಾದಲ್ಲಿ ಮೀನುಗಾರರಿಗೆ ಮನೆಗಳನ್ನು ಮಾಡಿಕೊಟ್ಟರು. ನೇರ ಸಾಲಿನಲ್ಲಿಟ್ಟರೆ ಹಿಂದಿನ ಮನೆಗೆ ಗಾಳಿ ಸಿಗುವುದಿಲ್ಲವೆಂದು ಮನೆಗಳನ್ನು ಒಂದಕ್ಕೊಂದು ಸರಿಸಿ ಕೂರಿಸಿ, ಮುಂದೆ ಬಲೆ ಹರಡುವುದಕ್ಕೆ, ಮಕ್ಕಳು ಆಡುವುದಕ್ಕೆ ಅಂಗಳ ಬಿಟ್ಟರು. ಕಾರ್ಖಾನೆಯಲ್ಲಿ ತಿರಸ್ಕೃತವಾದ ಮಂಗಳೂರು ಹಂಚುಗಳನ್ನು ಸ್ಲ್ಯಾಬಿನ ಕೆಳಭಾಗದಲ್ಲಿ ಸೇರಿಸಿ ಕಾಂಕ್ರೀಟು ಉಳಿಸುವ ಫಿಲ್ಲರ್ ಸ್ಲ್ಯಾಬ್ ಕ್ರಮವನ್ನು ನಮ್ಮಲ್ಲಿ ಬಳಕೆಗೆ ತಂದವರೂ ಅವರೇ. ಕಡಿಮೆ ಖರ್ಚಿನ ಕಟ್ಟಡ ವಿಧಾನಗಳನ್ನು ಕಲಿಸಿ ಬಳಸುವ, ಕೇರಳದಲ್ಲಿ ಆರಂಭವಾದ ನಿರ್ಮಿತಿ ಕೇಂದ್ರಗಳು ಅವರ ಕಟ್ಟುವ ವಿಧಾನಗಳನ್ನು ಹರಡಿದವು. ಈಗ ನಮ್ಮ ಜಿಲ್ಲೆಗಳಲ್ಲಿಯೂ ನಿರ್ಮಿತಿ ಕೇಂದ್ರಗಳಿವೆ. ನೀವು ಊರಿಗೆ ಮರಳಿದ ಮೊದಲ ವಾರವೇ ಅಲ್ಲಿಗೆ ಹೋಗಿ ಪರಿಚಯ ಮಾಡಿಕೊಳ್ಳಿ.

ಉತ್ತರ 2: ನಿವೃತ್ತ ಸ್ಟ್ರಕ್ಚರಲ್ ಎಂಜಿನಿಯರ್, ಕಾರವಾರ

ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಹಂಚಿನ ಮಾಡಿನಿಂದಲೇ ಎಲ್ಲವೂ ಬಗೆಹರಿಯುವುದಿಲ್ಲ. ಎರಡು ಮಹಡಿ ಬೇಕೆಂದರೆ ಕಾಂಕ್ರೀಟು ಬಂದೇ ಬರುತ್ತದೆ, ಆಗ ಶತ್ರು ಉಪ್ಪು. ಗಾಳಿಯಲ್ಲಿರುವ ಉಪ್ಪಿನ ಅಂಶ ಕಾಂಕ್ರೀಟಿನ ಸಣ್ಣ ರಂಧ್ರಗಳ ಮೂಲಕ ಸರಳನ್ನು ತಲುಪಿದರೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಕೇಳುವುದರಿಂದ ಹೊರಗಿನ ಕಾಂಕ್ರೀಟನ್ನು ಅದೇ ಒಡೆದು ಉದುರಿಸುತ್ತದೆ. ಕಾಂಕ್ರೀಟು ಕೆಲಸಕ್ಕಿರುವ ಭಾರತೀಯ ಮಾನಕವಾದ ಐಎಸ್ 456 ಸಂಹಿತೆಯು ಕರಾವಳಿಯ ವಾತಾವರಣವನ್ನು ‘ತೀವ್ರ’ ವರ್ಗಕ್ಕೆ ಸೇರಿಸಿ, ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟನ್ನೂ ಸರಳಿನ ಮೇಲೆ 45 ಮಿ.ಮೀ. ಕವರನ್ನೂ (ಸರಳನ್ನು ಮುಚ್ಚುವ ಕಾಂಕ್ರೀಟಿನ ದಪ್ಪ) ಹೇಳುತ್ತದೆ, ಅಲೆಯ ಸಿಂಚನ ತಾಗುವ ಜಾಗದಲ್ಲಿ ಎಂ35 ಮತ್ತು 50 ಮಿ.ಮೀ. ನಕ್ಷೆಯಲ್ಲಿ ಇದನ್ನು ಎಲ್ಲರೂ ಬರೆಯುತ್ತಾರೆ. ಸ್ಥಳದಲ್ಲಿ ಸರಳನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ತೀರಿಹೋದಾಗ ಸರಳಿನ ಕೆಳಗೆ ಜಲ್ಲಿಯ ಚೂರು ಸಿಗಿಸುತ್ತಾರೆ, ವೈಬ್ರೇಟರ್ ಆಡಿಸಿದ ಕೂಡಲೇ ಅದು ಜಾರುತ್ತದೆ, ಸರಳು ಹೋಗಿ ಕೆಳಗಿನ ಅಚ್ಚಿನ ಹಲಗೆಗೆ ಅಂಟುತ್ತದೆ. ಸ್ಲ್ಯಾಬ್ ಹಾಕುವ ಹಿಂದಿನ ಸಂಜೆ ನೀವೇ ಬಗ್ಗಿ, ಟಾರ್ಚ್ ಹಿಡಿದು, ಕೆಳಗಿನಿಂದ ನೋಡಬೇಕು.

ನೀರಿನ ವಿಷಯವೂ ಹಾಗೆಯೇ. ಕಡಲಿಗೆ ಹತ್ತಿರದ ಎಷ್ಟೋ ಬಾವಿಗಳ ನೀರು ಮಾರ್ಚ್ ದಾಟಿದರೆ ಉಪ್ಪಾಗುತ್ತದೆ, ನಮ್ಮ ಕಾಂಕ್ರೀಟು ಕೆಲಸ ಜೋರಾಗಿ ನಡೆಯುವುದೂ ಆಗಲೇ. ಕಲಸುವುದಕ್ಕೂ ಕ್ಯೂರಿಂಗಿಗೂ (ಕಾಂಕ್ರೀಟು ಗಟ್ಟಿಯಾಗಲು ಒದ್ದೆ ಇಡುವುದಕ್ಕೂ) ಅದೇ ನೀರು ಸುರಿದರೆ ರೋಗವನ್ನು ನಾವೇ ಒಳಗಿಟ್ಟು ಮುಚ್ಚಿದಂತೆ. ಸಮುದ್ರಕ್ಕೆ ತೀರ ಹತ್ತಿರದಲ್ಲಿ ಫಿಲ್ಲರ್ ಸ್ಲ್ಯಾಬ್ ಮಾಡುವವರು ಹಂಚುಗಳ ನಡುವಿನ ಸರಳಿಗೆ ಸಾಕಷ್ಟು ಕವರ್ ಸಿಗುತ್ತದೆಯೇ ಎಂದು ಲೆಕ್ಕ ಹಾಕಿಯೇ ಮುಂದುವರಿಯಬೇಕು ಎಂಬುದು ನನ್ನ ಅಭಿಪ್ರಾಯ.

ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮಗಳನ್ನು ಮೂಲದಲ್ಲೇ ಓದಿಕೊಳ್ಳಿ. 2019ರ ಅಧಿಸೂಚನೆಯ ಪ್ರಕಾರ, ಗ್ರಾಮೀಣ ಪ್ರದೇಶದಲ್ಲಿ ಜನಸಾಂದ್ರತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚಿದ್ದರೆ ಉಬ್ಬರದ ಗೆರೆಯಿಂದ 50 ಮೀಟರ್, ಉಳಿದೆಡೆ 200 ಮೀಟರ್ ನಿರ್ಮಾಣ ನಿಷಿದ್ಧ ವಲಯ. ಆದರೆ ಸ್ಥಳೀಯರಿಗೆ ಬೇಕಾದ ಶಾಲೆ, ಔಷಧಾಲಯ, ಮಳೆಯಾಸರೆ, ಸಾರ್ವಜನಿಕ ಶೌಚಾಲಯಗಳಂಥವುಗಳಿಗೆ ಪ್ರತ್ಯೇಕವಾಗಿ ಪರಿಶೀಲಿಸಿ ಅನುಮತಿ ಕೊಡಲು ಅವಕಾಶವಿದೆ. ಇದು ತಿಳಿಯದೆ ಎಷ್ಟೋ ಪಂಚಾಯಿತಿಗಳು ಪ್ರಸ್ತಾವವನ್ನೇ ಕಳುಹಿಸುವುದಿಲ್ಲ.

ಉತ್ತರ 3: ಮೀನುಗಾರರ ಊರೊಂದರ ಸ್ವಸಹಾಯ ಸಂಘದ ಸದಸ್ಯೆ

ನಾನು ಕಟ್ಟಡ ಕಟ್ಟುವವಳಲ್ಲ, ಬಳಸುವವಳು. ನಮ್ಮ ತಾಯಿ ನಲವತ್ತು ವರ್ಷ ಮೀನು ಮಾರಿದವರು. ಕೆಲವು ವರ್ಷಗಳ ಹಿಂದೆ ಊರಿಗೆ ಹೊಸ ಮೀನು ಮಾರುಕಟ್ಟೆ ಬಂತು. ಕಟ್ಟೆಗೆ ಬಿಳಿ ಟೈಲ್ಸ್ ಹಾಕಿದ್ದರು, ನೋಡಲು ಚೆಂದವಾಗಿತ್ತು. ಆದರೆ ಕಟ್ಟೆ ಸೊಂಟದೆತ್ತರಕ್ಕಿತ್ತು. ನೆಲದಲ್ಲಿ ಮಣೆಯ ಮೇಲೆ ಕುಳಿತು, ಕಾಲಿನಲ್ಲಿ ಮೆಟ್ಟುಕತ್ತಿ ಒತ್ತಿ ಹಿಡಿದು ಮೀನು ಕೊಯ್ಯುವ ಹೆಂಗಸರಿಗೆ ಅಲ್ಲಿ ದಿನವಿಡೀ ನಿಂತು ಮಾರಲು ಆಗಲಿಲ್ಲ. ಮೂರು ತಿಂಗಳಲ್ಲಿ ಎಲ್ಲರೂ ಹೊರಗಿನ ರಸ್ತೆಯಂಚಿಗೆ ಬಂದು ಕೊಡೆ ಬಿಡಿಸಿ ಕುಳಿತರು, ಕಟ್ಟೆಯ ಮೇಲೆ ಖಾಲಿ ಬುಟ್ಟಿಗಳು ಉಳಿದವು. ನೆಲದ ಇಳಿಜಾರು ಸಾಲದೆ ಐಸ್ ಕರಗಿದ ನೀರು ನಡುವೆಯೇ ನಿಲ್ಲುತ್ತಿತ್ತು. ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿ ಕೀಲಿಯನ್ನು ಕಚೇರಿಯಲ್ಲಿ ಇಟ್ಟುಕೊಂಡಿದ್ದರು.

ನಕ್ಷೆ ಮಾಡುವ ಮೊದಲು ಯಾರಾದರೂ ಒಂದು ಬೆಳಗ್ಗೆ ಬಂದು ನಮ್ಮೊಡನೆ ಕುಳಿತಿದ್ದರೆ ಇದೆಲ್ಲ ತಿಳಿಯುತ್ತಿತ್ತು. ನೀವು ಊರಿಗೆ ಬರುವುದಾದರೆ ದಯವಿಟ್ಟು ಆ ಒಂದು ಬೆಳಗನ್ನು ಬಿಡಬೇಡಿ, ತಮ್ಮಾ. ಚಂಡಮಾರುತದ ಆಶ್ರಯ ಕೇಂದ್ರಗಳ ವಿಷಯದಲ್ಲಿಯೂ ಇದೇ ಮಾತು. ದಿನವೂ ಶಾಲೆಯೋ ಅಂಗನವಾಡಿಯೋ ಸಂಘದ ಸಭೆಯೋ ನಡೆಯುವ ಜಾಗವಾದರೆ ಗಾಳಿ ಬಂದ ರಾತ್ರಿ ಜನ ಧೈರ್ಯವಾಗಿ ಅಲ್ಲಿಗೆ ಹೋಗುತ್ತಾರೆ. ವರ್ಷವಿಡೀ ಬೀಗ ಹಾಕಿದ ಕಟ್ಟಡಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ.

ಮರುಪ್ರಶ್ನೆ: ಕುಂದಾಪುರದ ಕಿರಿಯ ಆರ್ಕಿಟೆಕ್ಟ್

ಮೂವರಿಗೂ ಮನಸಾರೆ ವಂದನೆಗಳು. ಅಕ್ಕ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಮೊದಲು ನಮ್ಮೂರಿನ ಮಾರುಕಟ್ಟೆಯಲ್ಲೇ ಒಂದು ಬೆಳಗ್ಗೆ ಕುಳಿತುಕೊಳ್ಳುತ್ತೇನೆ. ಸರ್, ಆದಾಯದ ಬಗ್ಗೆ ಕೇಳಲು ಸಂಕೋಚವಾಗುತ್ತದೆ, ಆದರೂ ಮನೆಯಲ್ಲಿ ಉತ್ತರ ಹೇಳಬೇಕಾಗಿದೆ.

ಉತ್ತರ 1ನ್ನು ಬರೆದವರಿಂದ

ಸಂಕೋಚ ಬೇಡ. ಸರ್ಕಾರದ ಕೆಲಸವನ್ನೇ ನಂಬಿದರೆ ಮೊದಲ ಐದು ವರ್ಷ ಕಷ್ಟ. ಟೆಂಡರ್ ಆಗಿ, ಅಂದಾಜುಪಟ್ಟಿಗೆ ಮಂಜೂರಾತಿ ಸಿಕ್ಕಿ, ಬಿಲ್ಲು ಕೈಸೇರುವಷ್ಟರಲ್ಲಿ ಎರಡು ಮಳೆಗಾಲ ಕಳೆದಿರುತ್ತದೆ. ಆದರೆ ಕರಾವಳಿಯಲ್ಲಿ ಊರಿನ ಕಟ್ಟಡಗಳನ್ನು ಸರ್ಕಾರವೊಂದೇ ಕಟ್ಟುವುದಿಲ್ಲ. ಸಹಕಾರಿ ಸಂಘಗಳು, ಹಾಲು ಸೊಸೈಟಿಗಳು, ಭಜನಾ ಮಂದಿರಗಳು, ಯುವಕ ಮಂಡಲಗಳು, ಚರ್ಚ್ ಮತ್ತು ಮಸೀದಿಗಳ ಸಮಿತಿಗಳು ತಮ್ಮದೇ ಹಣದಿಂದ ಸಭಾಭವನ ಕಟ್ಟುತ್ತವೆ, ಯಕ್ಷಗಾನಕ್ಕೆ ರಂಗಮಂಟಪ ಕಟ್ಟುತ್ತವೆ. ಅವರು ಚಿಕ್ಕ ಶುಲ್ಕವನ್ನಾದರೂ ಹೊತ್ತಿಗೆ ಸರಿಯಾಗಿ ಕೊಡುತ್ತಾರೆ, ತಪ್ಪಾದರೆ ಮನೆಗೇ ಬಂದು ಕೇಳುತ್ತಾರೆ. ನನ್ನ ಆದಾಯದ ಅರ್ಧ ಇಂದಿಗೂ ಮನೆಗಳಿಂದ ಬರುತ್ತದೆ, ಉಳಿದರ್ಧ ಇಂಥ ಸಮಿತಿಗಳಿಂದ.

ಶುಲ್ಕದ ಪತ್ರ ಬರೆಯುವಾಗ ಒಂದು ಸಾಲನ್ನು ಸೇರಿಸಿ: ಕಟ್ಟಡ ಮುಗಿದ ಮೇಲೆ ಮೂರು ವರ್ಷ, ಪ್ರತಿ ಜೂನ್ ತಿಂಗಳಲ್ಲಿ ಒಮ್ಮೆ ಮಳೆ ಸುರಿಯುತ್ತಿರುವಾಗಲೇ ಬಂದು ನೋಡುವುದು ನಿಮ್ಮ ಕೆಲಸದ ಭಾಗವೆಂದು. ಯಾವ ಸಮಿತಿಯೂ ಅದಕ್ಕೆ ಬೇಡವೆಂದದ್ದನ್ನು ನಾನು ಕಂಡಿಲ್ಲ. ಈ ಜೂನ್‌ನಲ್ಲಿ ರಜೆ ಹಾಕಿ ಬರುವುದಾದರೆ ತಿಳಿಸಿ. ಆ ತಟ್ಟಿ ಕಟ್ಟಿದ ಸಮುದಾಯ ಭವನಕ್ಕೆ ಈಗ ಪಡುವಣ ಬದಿಯಲ್ಲಿ ಹಂಚಿನ ಜಗಲಿ ಸೇರಿಸಿದ್ದೇವೆ, ಮಳೆಯಲ್ಲಿಯೇ ಹೋಗಿ ನೋಡೋಣ.